ಟ್ರೇಲರಿನಲ್ಲಿ ಏಣಿ: ಕಟ್ಟುವ ಹಾಗೂ ಇಳಿಸುವ ಕ್ರಮ

ಭತ್ತದ ಒಕ್ಕಲು ಮುಗಿದ ಮೇಲೆ ಕಂಪ್ಲಿ ಭಾಗದ ಗದ್ದೆಗಳಿಂದ ಹುಲ್ಲು ಹೇರಿದ ಟ್ರ್ಯಾಕ್ಟರುಗಳು ದರೋಜಿ ದಾರಿಯಾಗಿ ತೋರಣಗಲ್ಲಿನ ಕಡೆಗೆ ಬರುತ್ತವೆ. ಸಂಡೂರು ತಾಲ್ಲೂಕಿನ ಮಳೆಯಾಶ್ರಿತ ಹಳ್ಳಿಗಳಲ್ಲಿ ಜೋಳದ ಸೊಪ್ಪೆ ಸಾಲದ ವರ್ಷ ಬೇಸಿಗೆಯಲ್ಲಿ ದನಗಳಿಗೆ ಈ ಹುಲ್ಲೇ ಆಧಾರ. ಹೊರೆಯು ಟ್ರೇಲರಿನ ಅಂಚನ್ನು ದಾಟಿ ಎರಡಾಳು ಎತ್ತರಕ್ಕೆ ಏರಿರುತ್ತದೆ. ಹುಲ್ಲು ಹೇರಲು, ಮೇಲೆ ಹಗ್ಗ ಬಿಗಿಯಲು, ಊರು ಸೇರಿದ ಮೇಲೆ ಬಣವೆ ಒಟ್ಟಲು ಏಣಿ ಬೇಕು. ಆದ್ದರಿಂದ ಏಣಿಯೂ ಟ್ರೇಲರಿನ ಜೊತೆಗೇ ಪ್ರಯಾಣ ಮಾಡುತ್ತದೆ. ಆದರೆ ಅದನ್ನು ಇಡುವ ಜಾಗದ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಕೆಲವರು ಮೊದಲು ಏಣಿಯನ್ನು ಮಲಗಿಸಿ ಅದರ ಮೇಲೆ ಹುಲ್ಲು ಹೇರುತ್ತಾರೆ. ಕೆಲವರು ಹೇರಿದ ಹುಲ್ಲಿನ ನೆತ್ತಿಯ ಮೇಲೆ ಅದನ್ನು ಎಳೆದುಕೊಂಡು ಕಟ್ಟುತ್ತಾರೆ.

ಎರಡೂ ತಪ್ಪು. ಅಡಿಯಲ್ಲಿರುವ ಏಣಿ ಹೊರೆಯೆಲ್ಲ ಇಳಿಯುವವರೆಗೆ ಕೈಗೆ ಸಿಗುವುದಿಲ್ಲ. ನೆತ್ತಿಯ ಮೇಲಿನ ಏಣಿಯನ್ನು ಇಳಿಸಬೇಕಾದರೆ ಮತ್ತೊಂದು ಏಣಿಯನ್ನು ಕೇಳಿಕೊಂಡು ಬರಬೇಕಾಗುತ್ತದೆ! ಸಾಮಾನ್ಯ ದಿನಗಳಲ್ಲಿ ಇದು ಬರೀ ತೊಂದರೆಯ ಮಾತು. ಹೊರೆಗೆ ಬೆಂಕಿ ಹತ್ತಿದ ದಿನ, ಮೇಲೆ ಹಗ್ಗ ಬಿಗಿಯುತ್ತಿದ್ದ ಆಳು ಕೆಳಗಿಳಿಯಲು ದಾರಿ ಕಾಣದೆ ನಿಂತ ಗಳಿಗೆಯಲ್ಲಿ, ಇದೇ ಪ್ರಾಣದ ಪ್ರಶ್ನೆಯಾಗುತ್ತದೆ. ಹುಲ್ಲಿನ ಹೊರೆ ಜೋತುಬಿದ್ದ ವಿದ್ಯುತ್ ತಂತಿಗೆ ತಗುಲಿ ಟ್ರೇಲರ್ ಸಮೇತ ಸುಟ್ಟುಹೋದ ಸುದ್ದಿ ಬೇಸಿಗೆಯಲ್ಲಿ ರಾಜ್ಯದ ಒಂದಲ್ಲ ಒಂದು ಕಡೆಯಿಂದ ಕೇಳಿಬರುತ್ತಲೇ ಇರುತ್ತದೆ.

ಅಗ್ನಿಶಾಮಕ ವಾಹನ ಕಲಿಸುವ ಪಾಠ

ಬೆಂಕಿ ಆರಿಸಲು ಬರುವ ವಾಹನವನ್ನು ನಿಂತು ನೋಡಿದವರು ಅದರ ಏಣಿಯನ್ನು ಗಮನಿಸಿರಬಹುದು. ಅದು ವಾಹನದ ಛಾವಣಿಯ ಚೌಕಟ್ಟಿನ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಬೇರೆ ಯಾವ ಸಾಮಾನೂ ಅದರ ಮೇಲೆ ಇರುವುದಿಲ್ಲ. ಚೌಕಟ್ಟಿನ ಹಿಂದಿನ ಅಂಚಿನಲ್ಲಿ ತಿರುಗುವ ಉರುಳೆ ಇರುತ್ತದೆ. ಚಿಲಕ ಬಿಚ್ಚಿ ಹಿಂದಿನಿಂದ ಎಳೆದರೆ ಏಣಿ ಉರುಳೆಯ ಮೇಲೆ ಜಾರಿಕೊಂಡು ಹೊರಬರುತ್ತದೆ. ಪೂರಾ ಭಾರವನ್ನು ಒಮ್ಮೆಲೇ ಹೊರಬೇಕಾದ ಪ್ರಮೇಯ ಬರುವುದಿಲ್ಲ. ಯಾರು ಚಿಲಕ ತೆಗೆಯಬೇಕು, ಯಾರು ಯಾವ ತುದಿ ಹಿಡಿಯಬೇಕು ಎಂಬುದು ಕವಾಯತಿನಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಕತ್ತಲೆಯಲ್ಲಿಯೂ ಕೈ ತಡವರಿಸುವುದಿಲ್ಲ. ಹೊರದೇಶಗಳಲ್ಲಿ ಛಾವಣಿಯಿಂದ ಏಣಿಯನ್ನು ಸೊಂಟದ ಮಟ್ಟಕ್ಕೆ ತಾನಾಗಿ ಇಳಿಸಿಕೊಡುವ ಯಂತ್ರದ ತೋಳುಗಳನ್ನೂ ವಾಹನಗಳಿಗೆ ಜೋಡಿಸುತ್ತಾರೆ. ಎತ್ತರದಿಂದ ಭಾರ ಇಳಿಸುವಾಗ ಸೊಂಟ, ಭುಜ ಉಳುಕುವುದನ್ನು ತಪ್ಪಿಸುವುದೇ ಇದರ ಉದ್ದೇಶ.

ರೈತನಿಗೆ ಯಂತ್ರದ ತೋಳು ಬೇಕಾಗಿಲ್ಲ. ಆದರೆ ಆ ವಾಹನವನ್ನು ಕಟ್ಟಿದವರು ಯೋಚಿಸಿದ ರೀತಿ ಬೇಕು. ಏಣಿ ಹೊರೆಯ ಹೊರಗಿರಬೇಕು, ನೆಲದ ಮೇಲೆ ನಿಂತವನ ಕೈಗೆ ಎಟುಕಬೇಕು, ಒಂದೇ ಎಳೆತಕ್ಕೆ ಬಿಡುಗಡೆಯಾಗಬೇಕು. ಇಷ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಬಹುದು.

ಎಲ್ಲಿ, ಹೇಗೆ ಕಟ್ಟಬೇಕು

ಟ್ರೇಲರಿನ ಎಡಮಗ್ಗುಲು ಏಣಿಗೆ ತಕ್ಕ ಜಾಗ. ನಮ್ಮ ರಸ್ತೆಗಳಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ ಎದುರಿನಿಂದ ಬರುವ, ಹಿಂದಿನಿಂದ ದಾಟುವ ವಾಹನಗಳೆಲ್ಲ ಬಲಮಗ್ಗುಲಿನಲ್ಲಿ ಹಾದುಹೋಗುತ್ತವೆ. ತೋರಣಗಲ್ಲಿನ ಹೆದ್ದಾರಿಯಲ್ಲಿ ಅದಿರಿನ ಲಾರಿಗಳ ಓಡಾಟ ಕಂಡವರಿಗೆ ಬಲಗಡೆ ನಿಂತು ಗಂಟು ಬಿಚ್ಚುವ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗಡೆಯಾದರೆ ಕೆಲಸ ರಸ್ತೆಯ ಅಂಚಿನಲ್ಲಿ ನಡೆಯುತ್ತದೆ.

ದಪ್ಪ ಕಬ್ಬಿಣದ ಪಟ್ಟಿಯನ್ನು ಬಾಗಿಸಿ, ತುದಿ ಮೇಲಕ್ಕೆ ಮಡಿಚಿದ ಎರಡು ಕೊಕ್ಕೆಗಳನ್ನು ಮಾಡಿಸಿ ಪಕ್ಕದ ಗೋಡೆಗೆ ಬೆಸೆಯಬೇಕು. ಪಕ್ಕದ ಗೋಡೆ ತೆರೆಯುವಂಥದ್ದಾದರೆ ಅದಕ್ಕೆ ಬೆಸೆಯದೆ, ಅಲುಗಾಡದ ನಿಲುಗಂಬಗಳಿಗೆ ಬೆಸೆಯುವುದು ಸರಿ. ಕೊಕ್ಕೆಗಳು ನಿಂತವನ ಸೊಂಟಕ್ಕೂ ಎದೆಗೂ ನಡುವಿನ ಎತ್ತರದಲ್ಲಿರಲಿ. ತಲೆಗಿಂತ ಮೇಲಿನಿಂದ ಭಾರ ಇಳಿಸುವಾಗ ಬೆನ್ನು ಹಿಂದಕ್ಕೆ ಬಾಗಿ ನೋಯುತ್ತದೆ. ಮೊಣಕಾಲಿಗಿಂತ ಕೆಳಗಿದ್ದರೆ ಚಕ್ರದ ಕೆಸರು, ಕಲ್ಲು ಏಣಿಗೆ ಬಡಿಯುತ್ತವೆ. ಏಣಿಯ ಉದ್ದದಲ್ಲಿ ಪ್ರತಿ ತುದಿಯಿಂದ ಕಾಲು ಭಾಗ ಒಳಗೆ ಒಂದೊಂದು ಕೊಕ್ಕೆ ಬರುವಂತೆ ಅಳತೆ ಹಾಕಿದರೆ ಏಣಿ ನಡುವೆ ಜಗ್ಗುವುದಿಲ್ಲ, ತುದಿಗಳು ಕುಣಿಯುವುದಿಲ್ಲ. ಹಿಂದಿನ ಕೊಕ್ಕೆಯ ಮೇಲೆ ಒಂದು ಪೈಪಿನ ತುಂಡನ್ನು ಸಡಿಲವಾಗಿ ತೂರಿಸಿದರೆ ಅದೇ ಉರುಳೆಯ ಕೆಲಸ ಮಾಡುತ್ತದೆ. ಮುಂದಿನ ಕೊಕ್ಕೆಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಬೇಕು. ಕಚ್ಚಾ ರಸ್ತೆಯ ಅದುರಾಟಕ್ಕೆ ಬಿದಿರು ಕಬ್ಬಿಣಕ್ಕೆ ಉಜ್ಜಿ ಸವೆಯುವುದು ಬೇಗ ಗೊತ್ತಾಗುವುದಿಲ್ಲ, ಒಂದು ದಿನ ಕಾಲಿಟ್ಟಾಗ ಮುರಿದೇ ಗೊತ್ತಾಗುತ್ತದೆ.

ಏಣಿಯ ಉದ್ದದ ವಿಷಯದಲ್ಲಿ ಹಟ ಬೇಡ. ಟ್ರೇಲರಿನ ಉದ್ದಕ್ಕಿಂತ ಏಣಿ ಉದ್ದವಾಗಿದ್ದರೆ ಹೆಚ್ಚಿನ ಭಾಗವನ್ನು ಮುಂದಕ್ಕೆ ಚಾಚಿಸುವುದು ಅತ್ಯಂತ ಅಪಾಯಕಾರಿ. ತಿರುವಿನಲ್ಲಿ ಟ್ರ್ಯಾಕ್ಟರಿನ ದೊಡ್ಡ ಚಕ್ರ ಟ್ರೇಲರಿನ ಮೂಲೆಯ ಬಳಿಗೆ ಬರುತ್ತದೆ. ಚಾಚಿದ ಏಣಿ ಅದಕ್ಕೆ ಸಿಕ್ಕಿ ಚಾಲಕನ ಬೆನ್ನಿಗೇ ತಿರುಗಿಬಿಡಬಹುದು. ಹಿಂದಕ್ಕೆ ಚಾಚಿಸಿದರೆ ರಾತ್ರಿ ಹಿಂದೆ ಬರುವ ಮೋಟಾರ್ ಸೈಕಲ್ ಸವಾರನ ಮುಖದ ಮಟ್ಟಕ್ಕೆ ಅದರ ತುದಿ ಬರುತ್ತದೆ. ಮಿತಿ ಮೀರಿ ಹೊರಚಾಚಿದ ಹೊರೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ ಹೇಳಿದೆ. ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ತಪ್ಪು ಸರಿಹೋಗುವುದಿಲ್ಲ. 3 ಮೀಟರಿನ ಎರಡು ತುಂಡುಗಳ ಜಾರು ಏಣಿಯಾದರೆ ಈ ತೊಡಕೇ ಇಲ್ಲ. ಒಂದರ ಮೇಲೊಂದು 1 ಮೀಟರ್ ಅತಿಕ್ರಮಿಸುವಂತೆ ಹಿಗ್ಗಿಸಿದರೆ 5 ಮೀಟರ್ ಉದ್ದ ಸಿಗುತ್ತದೆ, ಮಡಿಸಿದರೆ ಟ್ರೇಲರಿನ ಮಗ್ಗುಲಿನಲ್ಲಿಯೇ ಅಡಗುತ್ತದೆ.

ಕಟ್ಟುವ ಹಗ್ಗದ ಬಗ್ಗೆ ಎರಡು ಮಾತು. ಹೊರೆ ಬಿಗಿದ ಹಗ್ಗದ ತುದಿಯಿಂದಲೇ ಏಣಿಯನ್ನೂ ಕಟ್ಟುವ ರೂಢಿ ಬಿಡಬೇಕು. ಏಣಿಗಾಗಿ ಗಂಟು ಬಿಚ್ಚಿದರೆ ಹೊರೆಯೂ ಸಡಿಲವಾಗುತ್ತದೆ. ಹೊರೆಯ ಹಗ್ಗಗಳೆಲ್ಲ ಒಳಗೆ, ಏಣಿ ಅವುಗಳ ಹೊರಗೆ. ಹೊರೆ ಮೊದಲು, ಏಣಿ ಕೊನೆಗೆ. ಮೇಲಿನಿಂದ ಇಳಿಬಿದ್ದ ಹುಲ್ಲು ಏಣಿಯನ್ನು ಮುಚ್ಚಿದರೆ ಅದನ್ನು ಕೈಯಿಂದ ಹಿರಿದು ತೆಗೆಯಬೇಕು. ಗಂಟು ದನ ಕಟ್ಟುವ ಗಂಟಿನಂತೆ ಒಂದೆಳೆತಕ್ಕೆ ಬಿಚ್ಚುವಂತಿರಲಿ. ನಾರಿನ ಹಗ್ಗದ ಗಂಟು ಮಳೆಯಲ್ಲಿ ನೆನೆದರೆ ಬಿಗಿದುಕೊಂಡು ಕೂರುತ್ತದೆ. ನೈಲಾನ್ ಹಗ್ಗ ಅದುರಾಟಕ್ಕೆ ತಾನೇ ಜಾರುತ್ತದೆ. ಇದಕ್ಕಿಂತ ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಪಟ್ಟಿ ಮತ್ತು ಸರಪಳಿಗೆ ಸಿಕ್ಕಿಸಿದ ಒಂದು ಕಬ್ಬಿಣದ ಪಿನ್ನು ಮೇಲು. ಸರಪಳಿ ಇಲ್ಲದ ಪಿನ್ನು ಎರಡನೆಯ ದಿನ ಕಾಣೆಯಾಗುತ್ತದೆ.

ಇಳಿಸುವಾಗ

ಇಳಿಸಲು ಇಬ್ಬರು ಇರಬೇಕು. 20 ಕಿಲೋ ತೂಗುವ ಏಣಿ ಎಂದಿಟ್ಟುಕೊಂಡರೆ ಅದರ ಒಂದು ತುದಿ ಕೊಕ್ಕೆಯ ಮೇಲಿರುವಾಗ ಇನ್ನೊಂದು ತುದಿ ಎತ್ತಿದವನ ಕೈಗೆ ಬರುವುದು 10 ಕಿಲೋ ಮಾತ್ರ. ಹೀಗೆ ಮೊದಲು ಹಿಂದಿನ ತುದಿ, ಆಮೇಲೆ ಮುಂದಿನ ತುದಿ ಬಿಡಿಸಿಕೊಂಡು ಏಣಿಯನ್ನು ಮಲಗಿದ ಸ್ಥಿತಿಯಲ್ಲಿಯೇ ನೆಲಕ್ಕೆ ತರಬೇಕು. ಟ್ರೇಲರಿನ ಮೇಲೆ ನಿಂತು ಏಣಿಯನ್ನು ನೆಟ್ಟಗೆ ಎತ್ತಿ ಕೆಳಗೆ ಇಳಿಬಿಡುವುದು ಬಹಳ ಕಡೆ ಕಾಣುವ ಪದ್ಧತಿ. ಇದರ ಅಪಾಯವನ್ನು ಮುಂದೆ ಹೇಳಿದೆ. ಟ್ರ್ಯಾಕ್ಟರಿನ ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಹೊರೆಗೆ ಏಣಿ ಆನಿಸಬೇಕು. ಆನಿಸುವ ಸ್ಥಳ 4 ಮೀಟರ್ ಎತ್ತರವಿದ್ದರೆ ಏಣಿಯ ಬುಡ 1 ಮೀಟರ್ ದೂರವಿರಲಿ. ಹುಲ್ಲು ಮೆದುವಾಗಿ ಒಳಗೆ ಕುಸಿಯುವುದರಿಂದ ತುದಿಯನ್ನು ಹೊರೆಯ ಹಗ್ಗಕ್ಕೆ ಬಿಗಿಯುವವರೆಗೆ ಕೆಳಗೊಬ್ಬ ಬುಡ ಒತ್ತಿ ಹಿಡಿದಿರಬೇಕು. ಎತ್ತರ ಸಾಲದೆಂದು ಟ್ರೇಲರಿನ ಹಾಸಿನ ಮೇಲೆ ಏಣಿ ನಿಲ್ಲಿಸುವುದು ಬೇಡವೇ ಬೇಡ.

ಮೇಲೆ ನೋಡಿ, ಆಮೇಲೆ ಎತ್ತಿ

ಉಕ್ಕಿನ ಕಾರ್ಖಾನೆ, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇವುಗಳಿಂದಾಗಿ ತೋರಣಗಲ್ಲಿನ ಸುತ್ತ ವಿದ್ಯುತ್ ಮಾರ್ಗಗಳು ಒತ್ತಾಗಿವೆ. ಆದರೆ ರೈತನಿಗೆ ಹೆಚ್ಚು ಅಪಾಯ ತರುವುದು ಆ ದೊಡ್ಡ ಗೋಪುರಗಳಿಗಿಂತ ಹೊಲದ ಪಂಪ್‌ಸೆಟ್ಟಿಗೆ ಹೋಗುವ ಸಾಧಾರಣ ತಂತಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ 11 ಕೆ.ವಿ.ವರೆಗಿನ ಬರಿಯ ತಂತಿ ಬೀದಿಯಿಂದ ಆಚೆಗೆ, ಅಂದರೆ ಹೊಲಗದ್ದೆಗಳ ಮೇಲೆ, ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು. 11 ಕೆ.ವಿ. ತಂತಿ ರಸ್ತೆಯನ್ನು ಅಡ್ಡ ದಾಟುವಲ್ಲಿ 6.1 ಮೀಟರ್ ಇರಬೇಕು. ರಸ್ತೆಯಲ್ಲಿ ಸುರಕ್ಷಿತವಾಗಿ ಬಂದ ಹೊರೆ ಹೊಲಕ್ಕೋ ಕಣಕ್ಕೋ ತಿರುಗಿದ ಕೂಡಲೇ ತಂತಿಯ ಹತ್ತಿರವಾಗುವುದು ಇದೇ ಕಾರಣದಿಂದ. ಅಲ್ಲದೆ ಬೇಸಿಗೆಯ ಬಿಸಿಗೆ ತಂತಿ ಹಿಗ್ಗಿ ಇನ್ನಷ್ಟು ಜೋತುಬೀಳುತ್ತದೆ, ಬಾಗಿದ ಕಂಬವಿದ್ದರೆ ಕೇಳುವುದೇ ಬೇಡ.

ಈಗ ಲೆಕ್ಕ ಹಾಕಬಹುದು. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ 5 ಮೀಟರಿನ ಏಣಿಯೇ 4.6 ಮೀಟರಿನ ತಂತಿಯನ್ನು ದಾಟುತ್ತದೆ. ಟ್ರೇಲರಿನ ಹಾಸು ಸುಮಾರು 1 ಮೀಟರ್ ಎತ್ತರವೆಂದು ಹಿಡಿದರೆ ಅದರ ಮೇಲೆ ಎತ್ತಿದ ಅದೇ ಏಣಿಯ ತುದಿ 6 ಮೀಟರಿಗೆ ಹೋಗುತ್ತದೆ. 11 ಕೆ.ವಿ. ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಅತಿ ಸಮೀಪ ಹೋದರೂ ವಿದ್ಯುತ್ ಹಾರಬಲ್ಲದು. ಆದ್ದರಿಂದ ತಂತಿಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 3 ಮೀಟರ್ ಬಿಟ್ಟು ಕೆಲಸ ಮಾಡಬೇಕು. ಟ್ರೇಲರ್ ನಿಲ್ಲಿಸುವ ಮುನ್ನವೇ ಮೇಲೆ ನೋಡುವುದು ಒಳ್ಳೆಯದು. ಏಣಿ ಬಿಚ್ಚಿದ ಮೇಲೆ ನೋಡಿದರೆ ತಡವಾಗುತ್ತದೆ.

ಬಿದಿರಿನ ಏಣಿಗೆ ಕರೆಂಟು ಹೊಡೆಯುವುದಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಒಣಗಿದ ಬಿದಿರಿನ ಮಟ್ಟಿಗೆ ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಹಸಿ ಬಿದಿರು, ಇಬ್ಬನಿಯಲ್ಲಿ ನೆನೆದ ಬಿದಿರು, ಸೀಳದಂತೆ ಉದ್ದಕ್ಕೂ ಕಬ್ಬಿಣದ ತಂತಿ ಸುತ್ತಿದ ಬಿದಿರು ವಿದ್ಯುತ್ತನ್ನು ಕೈಗೆ ತಲುಪಿಸುತ್ತವೆ. ಅಲ್ಯುಮಿನಿಯಂ ಏಣಿ ಹಗುರವೆಂದು ಅನೇಕರು ಕೊಳ್ಳುತ್ತಿದ್ದಾರೆ. ತೆಂಗಿನ ತೋಟದಲ್ಲಿ, ಮಾಳಿಗೆಗೆ ಅದು ಅನುಕೂಲ. ತಂತಿ ಹಾದುಹೋದ ಜಾಗದಲ್ಲಿ ಅದನ್ನು ಟ್ರೇಲರಿನಿಂದ ಬಿಚ್ಚಲೇಬಾರದು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾಕಲು ಸ್ವಂತ ಏಣಿ ಒಯ್ದು ಹತ್ತುವ ರೈತರೂ ಇದ್ದಾರೆ. ಇದು ಲೈನ್‌ಮನ್ನರ ಕೆಲಸ, ಅವರೂ ಮಾರ್ಗ ನಿಲ್ಲಿಸಿಯೇ ಹತ್ತಬೇಕು.

ಹೊರೆಗೆ ಬೆಂಕಿ ಬಿದ್ದರೆ

ಬೀಡಿಯ ಕಿಡಿಯಿಂದಲೋ ಸೈಲೆನ್ಸರಿನ ಕಿಡಿಯಿಂದಲೋ ಬೆಂಕಿ ಹತ್ತಿದ್ದರೆ, ಮನೆ ಬಣವೆಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಮೊದಲು ಮೇಲಿರುವ ಆಳನ್ನು ಇಳಿಸಬೇಕು. ಗಾಳಿ ಬರುವ ಕಡೆಯಿಂದ ಏಣಿ ಆನಿಸಬೇಕು. ಎಡಮಗ್ಗುಲಿನಲ್ಲಿ ಕೈಗೆಟುಕುವಂತೆ ಕಟ್ಟಿದ ಏಣಿ ಇಲ್ಲಿ ತನ್ನ ಬೆಲೆ ತೋರಿಸುತ್ತದೆ. ಆಮೇಲೆ ಸಾಧ್ಯವಿದ್ದರೆ ಮಾತ್ರ ಕೊಂಡಿಯ ಪಿನ್ನು ತೆಗೆದು ಟ್ರ್ಯಾಕ್ಟರನ್ನು ಬೇರ್ಪಡಿಸಬಹುದು.

ತಂತಿ ಹೊರೆಗೆ ತಗುಲಿಕೊಂಡೇ ಇದ್ದರೆ ಮಾತು ಪೂರ್ತಿ ಬೇರೆ. ಆಗ ಏಣಿಯನ್ನು ಮುಟ್ಟಬಾರದು, ಟ್ರೇಲರನ್ನೂ ಮುಟ್ಟಬಾರದು. ಇಡೀ ವಾಹನದಲ್ಲಿ ವಿದ್ಯುತ್ ಇರಬಹುದು. ನೆಲದಲ್ಲಿ ನಿಂತು ಏಣಿ ಆನಿಸಲು ಹೋದವನೇ ಮೊದಲು ಬೀಳುತ್ತಾನೆ. ಚಾಲಕನು ವಾಹನವನ್ನು ಮುಂದೆ ಸರಿಸಿ ತಂತಿಯಿಂದ ಬಿಡಿಸಬಹುದಾದರೆ ಬಿಡಿಸಬೇಕು. ಆಗದಿದ್ದರೆ, ಬೆಂಕಿ ಇಲ್ಲದಿರುವವರೆಗೆ ಕುಳಿತಲ್ಲೇ ಇರುವುದು ಕ್ಷೇಮ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕಾಲು ಜೋಡಿಸಿ ವಾಹನದಿಂದ ದೂರಕ್ಕೆ ಹಾರಬೇಕು. ಒಂದು ಕೈ ಟ್ರ್ಯಾಕ್ಟರಿನ ಮೇಲೆ, ಒಂದು ಕಾಲು ನೆಲದ ಮೇಲೆ ಎಂಬಂತೆ ಆಗಕೂಡದು. ಹಾರಿದ ಮೇಲೂ ಹೆಜ್ಜೆ ಅಗಲಿಸದೆ ಜೋಡಿಗಾಲಿನಲ್ಲಿ ಕುಪ್ಪಳಿಸುತ್ತ ದೂರ ಹೋಗಬೇಕು. ಹೊರೆಯ ನೆತ್ತಿಯಿಂದ ಹೀಗೆ ಹಾರಿದರೆ ಕಾಲು ಮುರಿಯುವ ಸಂಭವ ಹೆಚ್ಚು. ಚಲಿಸುವ ಹೊರೆಯ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರಬಾರದೆನ್ನುವುದಕ್ಕೆ ಇದೊಂದು ಕಾರಣ ಸಾಕು.

ಅಗ್ನಿಶಾಮಕ ಠಾಣೆಗೆ 101 ಅಥವಾ 112ಕ್ಕೆ, ತಂತಿಯ ವಿದ್ಯುತ್ ನಿಲ್ಲಿಸಲು 1912ಕ್ಕೆ ಕರೆ ಮಾಡಬೇಕು. ಕರೆ ಮಾಡುವಾಗ ಊರಿನ ಹೆಸರಿನ ಜೊತೆಗೆ ಹತ್ತಿರದ ಮೈಲಿಗಲ್ಲು ಅಥವಾ ವಿದ್ಯುತ್ ಕಂಬದ ಸಂಖ್ಯೆ ತಿಳಿಸಿದರೆ ಅವರು ಹುಡುಕುವುದು ತಪ್ಪುತ್ತದೆ. ತಂತಿ ತಗುಲಿದೆಯೋ ಇಲ್ಲವೋ ಎಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು. ವಿದ್ಯುತ್ ನಿಂತಿತೆಂದು ಇಲಾಖೆಯವರಿಂದ ಖಚಿತವಾಗುವವರೆಗೆ ನೀರು ಎರಚುವುದು ಬೇಡ. ಒಬ್ಬನನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ, ಬರುವ ವಾಹನಕ್ಕೆ ದಾರಿಯನ್ನೂ ಹತ್ತಿರದ ಬಾವಿ ಅಥವಾ ಕಾಲುವೆಯನ್ನೂ ತೋರಿಸುವ ವ್ಯವಸ್ಥೆ ಮಾಡಬೇಕು.