ಲಾಠಿಗೂ ಮಿತಿಯಿದೆ

ಉಮರ್ಗಾ, ನಿಲಂಗಾ, ಉದಗೀರದ ಕನ್ನಡ ಬಂಧುಗಳೇ, ಪೊಲೀಸರು ಬಲ ಬಳಸಲೇಬಾರದು ಎಂದು ಕಾನೂನು ಹೇಳುವುದಿಲ್ಲ. ಬಂಧನಕ್ಕೆ ಅಡ್ಡಿಪಡಿಸಿದರೆ ಅಗತ್ಯವಿದ್ದಷ್ಟು ಬಳಸಬಹುದು. ಆದರೆ ಸಿಕ್ಕವನು ಓಡಿಹೋಗದಂತೆ ತಡೆಯಲು ಬೇಕಾದ್ದಕ್ಕಿಂತ ಹೆಚ್ಚಿನ ನಿರ್ಬಂಧ ಸಲ್ಲದು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಂ. ಕೈಗೆ ಸಿಕ್ಕು ಸುಮ್ಮನೆ ನಿಂತವನ ಮೇಲೆ ಬೀಳುವ ಏಟಿಗೆ ಯಾವ ಕಲಮಿನ ಆಸರೆಯೂ ಇಲ್ಲ. ತಪ್ಪೊಪ್ಪಿಗೆಗಾಗಿ ಹೊಡೆದು ಗಾಯ ಮಾಡಿದರೆ ನ್ಯಾಯ ಸಂಹಿತೆಯ 120ನೇ ಕಲಮಿನಡಿ 7 ವರ್ಷದವರೆಗೆ ಜೈಲು, ಗಾಯ ತೀವ್ರವಾಗಿದ್ದರೆ 10 ವರ್ಷದವರೆಗೆ.

ನಿಮ್ಮವರನ್ನು ಬಂಧಿಸಿದರೆ ಮೊದಲು ವೈದ್ಯರ ತಪಾಸಣೆ ಕೇಳಿ. ಮೈಮೇಲಿನ ಗಾಯ, ಬಾಸುಂಡೆ, ಅವು ಆದ ಅಂದಾಜು ಸಮಯ ಎಲ್ಲವನ್ನೂ ವೈದ್ಯರು ಬರೆಯಬೇಕು, ಪ್ರತಿ ಕೊಡಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ. ಆ ಹಾಳೆಯನ್ನು ಜೋಪಾನ ಮಾಡಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ನೋವು ನುಂಗಬೇಡಿ, ಬಾಯಿ ಬಿಟ್ಟು ಹೇಳಿ. ಮರಾಠಿ ಬಾರದ ಹಿರಿಯರಿಗೂ ಒಂದು ಧೈರ್ಯ: ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಬರೆದು ಕೊಡಬೇಕೆಂದು 2025ರ ನವೆಂಬರಿನಲ್ಲಿ, ಮಹಾರಾಷ್ಟ್ರದ್ದೇ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ.

ಯಾರು ಕೇಳುತ್ತಾರೆ ಎಂದು ಕೈಚೆಲ್ಲಬೇಡಿ. ನಮ್ಮ ಮರಾಠವಾಡದ ಪರಭಣಿಯಲ್ಲಿ 2024ರ ಡಿಸೆಂಬರಿನಲ್ಲಿ ಬಂಧನದಲ್ಲಿದ್ದ ಯುವಕನೊಬ್ಬ ಸತ್ತಾಗ ಅವನ ತಾಯಿ ಹೈಕೋರ್ಟಿನ ಔರಂಗಾಬಾದ್ ಪೀಠದ ಮೆಟ್ಟಿಲೇರಿದರು. ಪೊಲೀಸರ ಮೇಲೆ ಎಫ್‌ಐಆರ್ ದಾಖಲಿಸಲು 2025ರ ಜುಲೈನಲ್ಲಿ ಆದೇಶವಾಯಿತು. ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಬಂಧಿತರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಸಹಾಯವಾಣಿ 15100; ಮನೆಯ ಗೋಡೆಯ ಮೇಲೆ ಬರೆದಿಡಿ.