ಸ್ವಸಹಾಯ ಸಂಘದ ಉತ್ಪನ್ನಗಳಿಗೆ ಸಾಮಾಜಿಕ ಜಾಲತಾಣದ ಖಾತೆ: ಆರಂಭದ ಕ್ರಮ

ಪಾಠದ ಉದ್ದೇಶ: ಗ್ರಾಮದ ಸ್ವಸಹಾಯ ಸಂಘಗಳು ತಮ್ಮ ಉತ್ಪನ್ನಗಳ ಮಾರಾಟಕ್ಕಾಗಿ ಜಾಲತಾಣದ ಖಾತೆ ತೆರೆಯುವಾಗ ಅನುಸರಿಸಬೇಕಾದ ಕ್ರಮವನ್ನು ಹಾಗೂ ಅದರಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಹೊಣೆಯನ್ನು ತಿಳಿಸುವುದು.

1. ವಿಷಯದ ಮಹತ್ವ

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಗುರೆಳ್ಳು ಚಟ್ನಿ ಮನೆಮನೆಯ ಅಡುಗೆಗಳಾಗಿವೆ. ಗಜೇಂದ್ರಗಡದ ಕೈಮಗ್ಗದ ಪಟ್ಟೇದ ಅಂಚು ಸೀರೆಯು ತನ್ನ ಚೌಕಳಿ ವಿನ್ಯಾಸದಿಂದ ಹೊರ ಊರುಗಳಲ್ಲಿಯೂ ಹೆಸರಾಗಿದೆ. ಇವುಗಳನ್ನು ಬಯಸುವವರು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿಯೂ ಇದ್ದಾರೆ. ಅವರನ್ನು ನೇರವಾಗಿ ತಲುಪಲು ಮೊಬೈಲ್ ಫೋನ್ ಇಂದು ಅತಿ ಕಡಿಮೆ ವೆಚ್ಚದ ದಾರಿಯಾಗಿದೆ.

ಆದರೆ ಸಂತೆಗೂ ಫೋನಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಸಂತೆಯಲ್ಲಿ ಗ್ರಾಹಕನು ರೊಟ್ಟಿಯನ್ನು ಮುರಿದು ನೋಡಿ, ಚಟ್ನಿಯ ರುಚಿ ನೋಡಿ ಕೊಳ್ಳುತ್ತಾನೆ. ಫೋನಿನಲ್ಲಿ ಅವನು ಚಿತ್ರವನ್ನೂ ಮಾತನ್ನೂ ಮಾತ್ರ ನಂಬಿ ಹಣ ಕಳುಹಿಸುತ್ತಾನೆ. ಆದುದರಿಂದ ಜಾಲತಾಣದ ಖಾತೆಯ ನಿಜವಾದ ಬಂಡವಾಳವು ನಂಬಿಕೆಯೇ ಆಗಿದೆ. ಆ ನಂಬಿಕೆ ಸಂಘದ ಹೆಸರಿನಲ್ಲಿ ಬೆಳೆಯಬೇಕೇ ಹೊರತು ಯಾವೊಬ್ಬ ವ್ಯಕ್ತಿಯ ಫೋನಿನಲ್ಲಿ ಅಲ್ಲ.

2. ಬಾಳೆಕಾಯಿ ಹುಡಿಯ ನಿದರ್ಶನ

2021ರಲ್ಲಿ ಕೋವಿಡ್ ಕಾಲದ ಸಂಕಷ್ಟದ ನಡುವೆ, ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಯ ಪ್ರೇರಣೆಯಿಂದ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ಪ್ರಯತ್ನ ಆರಂಭವಾಯಿತು. ‘ಬಾಳೆಕಾಯಿ ಹುಡಿ’ ಎಂಬುದರ ಸಂಕ್ಷಿಪ್ತ ರೂಪವಾದ ‘ಬಾಕಾಹು’ ಎಂಬ ಹೆಸರು ವಾಟ್ಸ್‌ಆ್ಯಪ್ ಮೂಲಕ ಮನೆಮನೆಗೆ ತಲುಪಿತು. ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರು ಈ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮೊದಲಾದವುಗಳನ್ನು ಮಾಡಿ ಚಿತ್ರಗಳನ್ನು ಹಂಚಿಕೊಂಡರು. ಅದೇ ವರ್ಷ ಪ್ರಧಾನಮಂತ್ರಿಯವರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿಯೂ ಇದರ ಪ್ರಸ್ತಾಪವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ‘ನಮ್ಮ ಸರಕನ್ನು ಕೊಳ್ಳಿರಿ’ ಎಂಬ ಕರೆಗಿಂತಲೂ ‘ಇದರಿಂದ ಏನು ಮಾಡಬಹುದು’ ಎಂಬ ತಿಳಿವಳಿಕೆ ಹೆಚ್ಚು ಕೆಲಸ ಮಾಡಿತು. ಹೆಸರು ಚಿಕ್ಕದಾಗಿತ್ತು, ಚಿತ್ರಗಳು ಮನೆಯ ಅಡುಗೆಯವೇ ಆಗಿದ್ದವು.

3. ಖಾತೆ ಯಾರದಾಗಿರಬೇಕು?

ಸಂಘದ ಖಾತೆಯನ್ನು ಸದಸ್ಯೆಯೊಬ್ಬರ ಮಗನ ಫೋನಿನಲ್ಲಿ, ಅವನ ಸಂಖ್ಯೆಯಿಂದ ತೆರೆಯುವುದು ಸುಲಭವಾಗಿ ಕಾಣುತ್ತದೆ. ಅವನು ಉದ್ಯೋಗಕ್ಕೆಂದು ಬೇರೆ ಊರಿಗೆ ಹೋದರೆ, ಅಥವಾ ಸಂಖ್ಯೆ ಬದಲಾದರೆ, ವರ್ಷಗಳ ಕಾಲ ಕೂಡಿಬಂದ ಗ್ರಾಹಕರೂ ಅವನೊಡನೆಯೇ ಹೋಗುತ್ತಾರೆ. ಬ್ಯಾಂಕಿನ ಪಾಸ್‌ಬುಕ್ ಹೇಗೆ ಸಂಘದ ಆಸ್ತಿಯೋ ಈ ಖಾತೆಯೂ ಹಾಗೆಯೇ. ಆದುದರಿಂದ:

(ಅ) ವ್ಯಾಪಾರಕ್ಕಾಗಿಯೇ ಪ್ರತ್ಯೇಕ ಸಿಮ್ ಪಡೆಯುವುದು. ಅದು ಯಾರ ಹೆಸರಿನಲ್ಲಿದೆ, ಫೋನ್ ಯಾರ ವಶದಲ್ಲಿದೆ, ಪದಾಧಿಕಾರಿ ಬದಲಾದಾಗ ಹಸ್ತಾಂತರ ಹೇಗೆ ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡುವುದು.

(ಆ) ರೀಚಾರ್ಜ್ ವೆಚ್ಚವನ್ನು ಸಂಘವೇ ಭರಿಸುವುದು. ಬಹುಕಾಲ ಬಳಕೆಯಾಗದ ಸಂಖ್ಯೆ ರದ್ದಾಗಿ ಬೇರೊಬ್ಬರಿಗೆ ಹಂಚಿಕೆಯಾಗುವ ಸಂಭವವುಂಟು.

(ಇ) ಮಹಿಳೆಯರ ಖಾಸಗಿ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸದಿರುವುದು. ಅನಪೇಕ್ಷಿತ ಕರೆಗಳ ಕಾಟದಿಂದ ಸದಸ್ಯೆಯರು ಕೆಲಸವನ್ನೇ ಕೈಬಿಡುವಂತಾಗಬಾರದು. ಯಾರದೇ ಭಾವಚಿತ್ರ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯತಕ್ಕದ್ದು.

4. ಆರಂಭದ ಹೆಜ್ಜೆಗಳು

ಮೊದಲ ಹೆಜ್ಜೆಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಈ ಆ್ಯಪ್ ಉಚಿತವಾಗಿದ್ದು, ಇದರಲ್ಲಿ ಸಂಘದ ಹೆಸರು, ಊರು, ಕೆಲಸದ ವೇಳೆ ಹಾಗೂ ಉತ್ಪನ್ನಗಳ ಚಿತ್ರಸಹಿತ ಪಟ್ಟಿಯನ್ನು ಇಡಬಹುದು. ಇದರ ಪ್ರಸಾರ ಪಟ್ಟಿಯ ಮೂಲಕ ಕಳುಹಿಸುವ ಸಂದೇಶವು, ಸಂಘದ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಮೊದಲ ಪೊಟ್ಟಣದೊಂದಿಗೇ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿರಿ’ ಎಂಬ ಚೀಟಿ ಇಡುವುದು ಉಪಯುಕ್ತ.

ವಹಿವಾಟು ನೆಲೆಗೊಂಡ ಬಳಿಕ ಫೇಸ್‌ಬುಕ್‌ನಲ್ಲಿ ವೈಯಕ್ತಿಕ ಖಾತೆಗೆ ಬದಲಾಗಿ ‘ಪೇಜ್’ ತೆರೆಯಬೇಕು. ಪೇಜ್ ಅನ್ನು ಒಬ್ಬರಿಗಿಂತ ಹೆಚ್ಚು ಮಂದಿ ನಿರ್ವಹಿಸಬಹುದು. ಕನಿಷ್ಠ ಇಬ್ಬರು ಸದಸ್ಯೆಯರಿಗೆ ಪೂರ್ಣ ಅಧಿಕಾರವಿರಲಿ.

ಪ್ರತಿ ಚಿತ್ರದ ಕೆಳಗೆ ಉತ್ಪನ್ನದ ಹೆಸರು, ತೂಕ ಅಥವಾ ಎಣಿಕೆ, ಬೆಲೆ, ಸಾಗಣೆ ವೆಚ್ಚ, ಎಷ್ಟು ದಿನ ಕೆಡದೆ ಉಳಿಯುವುದು ಎಂಬ ಐದು ಸಂಗತಿಗಳಿರಬೇಕು. ಹಗಲಿನ ಬೆಳಕಿನಲ್ಲಿ ತೆಗೆದ, ಸಂಘದವರೇ ತಯಾರಿಸಿದ ಸರಕಿನ ಚಿತ್ರವನ್ನಷ್ಟೇ ಹಾಕಬೇಕು. ಬೇರೆಡೆಯ ಚಿತ್ರವನ್ನು ಬಳಸಿದರೆ, ಬಂದ ಸರಕು ಅದರಂತಿಲ್ಲವೆಂದು ಗ್ರಾಹಕನು ದೂರುವುದು ಸಹಜ.

ಶಕ್ತಿಯನ್ನು ಅರಿತು ಮಾತು ಕೊಡಬೇಕು. ಉದಾಹರಣೆಗೆ, ಹತ್ತು ಮಂದಿ ಸದಸ್ಯೆಯರು ವಾರಕ್ಕೆ ಎರಡು ದಿನ ತಲಾ 30 ರೊಟ್ಟಿ ಬಡಿದರೆ ವಾರಕ್ಕೆ 600 ರೊಟ್ಟಿ, ಎಂದರೆ 20 ರೊಟ್ಟಿಗಳ 30 ಪೊಟ್ಟಣಗಳಾಗುತ್ತವೆ. ನೂರು ಪೊಟ್ಟಣಕ್ಕೆ ಬೇಡಿಕೆ ಪಡೆದು ಹಣ ತೆಗೆದುಕೊಂಡರೆ ಎಪ್ಪತ್ತು ಮಂದಿಗೆ ಮಾತು ತಪ್ಪಿದಂತಾಗುತ್ತದೆ. ‘ಈ ವಾರದ ಪೊಟ್ಟಣಗಳು ಮುಗಿದಿವೆ’ ಎಂದು ತಿಳಿಸುವುದರಿಂದ ನಂಬಿಕೆ ಹೆಚ್ಚುತ್ತದೆ.

ಖಡಕ್ ರೊಟ್ಟಿ ಸಾಗಣೆಯಲ್ಲಿ ಪುಡಿಯಾಗುವ ಸರಕು. ಪರಿಚಿತರೊಬ್ಬರಿಗೆ ಅಂಚೆಯ ಅಥವಾ ಬಸ್ಸಿನ ಮೂಲಕ ಪ್ರಾಯೋಗಿಕವಾಗಿ ಕಳುಹಿಸಿ, ತಲುಪಿದ ಸ್ಥಿತಿಯನ್ನು ತಿಳಿದ ಬಳಿಕವೇ ಪ್ರಚಾರ ಆರಂಭಿಸುವುದು ಲೇಸು.

5. ನೋಂದಣಿ, ಹಣ ಮತ್ತು ಸುರಕ್ಷತೆ

ಆಹಾರ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯನ್ವಯ ನೋಂದಣಿ ಪಡೆದು, ತಮ್ಮ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು.

ಗ್ರಾಹಕರ ಹಣ ಸಂಘದ ಬ್ಯಾಂಕ್ ಖಾತೆಗೇ ಬರಬೇಕು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ‘ದೊಡ್ಡ ಆರ್ಡರ್ ಇದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮುಂಗಡ ಪಡೆಯಿರಿ’ ಎಂಬ ಕರೆ ವಂಚನೆಯೆಂದೇ ತಿಳಿಯಬೇಕು. ಒಟಿಪಿಯನ್ನು ಯಾರಿಗೂ ಹೇಳಬಾರದು. ವಾಟ್ಸ್‌ಆ್ಯಪ್‌ನ ಎರಡು ಹಂತದ ಪರಿಶೀಲನೆಗೆ ಆರು ಅಂಕಿಗಳ ಪಿನ್ ಇಡಬೇಕು. ವಂಚನೆಯಾದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

6. ಸದಸ್ಯರ ಹೊಣೆ

ಖಾತೆ ನಡೆಸುವುದು ಸಂಘದ ಕೆಲಸ. ಅದಕ್ಕೆ ಅನುಕೂಲ ಕಲ್ಪಿಸುವುದು ಸದಸ್ಯರ ಕೆಲಸ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸಂಜೀವಿನಿ ಒಕ್ಕೂಟದ ಸಹಯೋಗದೊಂದಿಗೆ ಅಭ್ಯಾಸ ಏರ್ಪಡಿಸಬಹುದು. ತಮ್ಮ ವಾರ್ಡಿನ ಸಂಘಗಳ ಖಾತೆಗಳು ಯಾರ ಸಂಖ್ಯೆಯಲ್ಲಿವೆ ಎಂದು ವಿಚಾರಿಸಬಹುದು. ಸಂಘದ ಖಾತೆಯನ್ನು ಸದಸ್ಯರ ಅಥವಾ ಯಾವುದೇ ಪಕ್ಷದ ಪ್ರಚಾರಕ್ಕೆ ಬಳಸಕೂಡದು. ಹಾಗೆ ಮಾಡಿದಲ್ಲಿ ಅರ್ಧದಷ್ಟು ಗ್ರಾಹಕರನ್ನು ಸಂಘವು ಕಳೆದುಕೊಂಡೀತು.

ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ಗ್ರಾಮದ ಯಾವ ಒಂದು ಉತ್ಪನ್ನದಿಂದ ಆರಂಭಿಸುವುದು ಸೂಕ್ತ? ವಾರಕ್ಕೆ ಎಷ್ಟು ತಯಾರಿಸಲು ಸಾಧ್ಯ?
2) ಖಾತೆಯ ಹೊಣೆ ಹೊತ್ತ ಸದಸ್ಯೆ ಊರು ಬಿಟ್ಟರೆ ಮರುದಿನ ಬೇಡಿಕೆಗಳಿಗೆ ಉತ್ತರಿಸುವವರು ಯಾರು?
3) ಒಡೆದ ಅಥವಾ ಕೆಟ್ಟ ಸರಕು ತಲುಪಿದಲ್ಲಿ ಹಣ ಹಿಂದಿರುಗಿಸುವ ನಿಯಮವನ್ನು ಸಂಘವು ಬರೆದಿಟ್ಟಿದೆಯೇ?