ಪೇಸ್‌ಮೇಕರ್ ಖರ್ಚು ಡಿಸ್ಚಾರ್ಜ್ ದಿನಕ್ಕೆ ಮುಗಿಯುವುದಿಲ್ಲ

ನಾಡಿ ನಿಮಿಷಕ್ಕೆ 40ರ ಕೆಳಗಿಳಿದಿದೆ, ಪೇಸ್‌ಮೇಕರ್ ಹಾಕಿಸಲೇಬೇಕು ಎಂದು ಎಚ್.ಡಿ. ಕೋಟೆಯಲ್ಲಿ ಡಾಕ್ಟರು ಹೇಳಿದಾಗ ಅಪ್ಪ ನನ್ನ ಕೈ ಹಿಡಿದು, “ಬಡ್ಡಿಗ್ ಮಾತ್ರ ಈಸ್ಕಬ್ಯಾಡ ಕಣ್ ಮಗ” ಎಂದರು. ಕಾಕನಕೋಟೆ ಕಡೆಯ ಹಳ್ಳಿಗಳಲ್ಲಿ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಸಾಲವೇ.

ಸಾಲಕ್ಕೆ ಓಡುವ ಮೊದಲು ರೇಷನ್ ಕಾರ್ಡ್ ತೆಗೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಪೇಸ್‌ಮೇಕರ್ ಆ ಪಟ್ಟಿಯಲ್ಲಿದೆ, ಮೈಸೂರಿನ ಜಯದೇವ ಆಸ್ಪತ್ರೆಯಲ್ಲೂ ಈ ಯೋಜನೆ ನಡೆಯುತ್ತದೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಒಂದು ಚೀಟಿ ನಮ್ಮ ಮನೆಯ ಒಡವೆಯನ್ನು ಗಿರವಿ ಅಂಗಡಿಯಿಂದ ಉಳಿಸಿತು.

ಕೈಯಿಂದ ಹಣ ಹಾಕುವವರು ಒಂದು ಪ್ರಶ್ನೆ ಕೇಳಲೇಬೇಕು: ಒಂದು ತಂತಿಯದೋ, ಎರಡು ತಂತಿಯದೋ? ಬೆಲೆಯಲ್ಲಿ ದೊಡ್ಡ ಅಂತರವಿದೆ. ಹೃದಯದ ಮೇಲಿನ ಕೋಣೆ ಕಾಯಮ್ಮಾಗಿ ತಾಳ ತಪ್ಪಿರುವ ಎಷ್ಟೋ ರೋಗಿಗಳಿಗೆ ಒಂದೇ ತಂತಿ ಸಾಕು. ಹಾಗಂತ ಅಗ್ಗವೆಂದು ನಾವೇ ತೀರ್ಮಾನಿಸುವಂತಿಲ್ಲ, ಕಾರಣ ಡಾಕ್ಟರ ಬಾಯಿಂದಲೇ ಬರಲಿ. ಮುಂದೆ ಎಂಆರ್‌ಐ ಮಾಡಿಸಬಹುದಾದ ಮಾದರಿಯೇ ಎಂದೂ ಕೇಳಿಕೊಳ್ಳಿ.

ಶಸ್ತ್ರಚಿಕಿತ್ಸೆಗೆ ಎದೆ ಸೀಳುವುದಿಲ್ಲ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕೊರಳೆಲುಬಿನ ಕೆಳಗೆ ಸಣ್ಣದಾಗಿ ಕೊಯ್ದು, ರಕ್ತನಾಳದೊಳಗಿಂದ ತಂತಿಯನ್ನು ಹೃದಯಕ್ಕೆ ಇಳಿಸುತ್ತಾರೆ. ಬ್ಯಾಟರಿಯಿರುವ ಪೆಟ್ಟಿಗೆ ಚರ್ಮದಡಿ ಕೂರುತ್ತದೆ. ಒಂದೆರಡು ಗಂಟೆಯ ಕೆಲಸ, ತೊಡಕಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮನೆ.

ನಿಜವಾದ ಖರ್ಚು ಶುರುವಾದದ್ದು ಮನೆಗೆ ಬಂದ ಮೇಲೆ. ತಂತಿಯ ತುದಿ ಹೃದಯದಲ್ಲಿ ಗಟ್ಟಿಯಾಗಿ ಕೂರುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ಪೆಟ್ಟಿಗೆ ಕೂರಿಸಿದ ಬದಿಯ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ಭಾರ ಹೊರಬಾರದು. ಪೂರಾ ಅಲ್ಲಾಡಿಸದೆ ಇಟ್ಟರೂ ಭುಜ ಬಿಗಿದುಕೊಳ್ಳುತ್ತದೆ. ಅದು ಹೊಗೆಸೊಪ್ಪು ಮುರಿಯುವ ಕಾಲ. ಅಪ್ಪನ ಬದಲಿಗೆ ಕೂಲಿಯಾಳು, ರಾತ್ರಿ ಸೊಪ್ಪು ಬೇಯಿಸುವ ಬ್ಯಾರನ್ ಕಾಯಲು ಇನ್ನೊಬ್ಬರು, ಮೈಸೂರಿಗೆ ಹೋಗಿಬರಲು ಬಾಡಿಗೆ ಕಾರು, ಜೊತೆಗಿದ್ದವರ ಊಟ, ಅವರ ಕೆಲಸ ತಪ್ಪಿದ್ದು. ಇದ್ಯಾವುದನ್ನೂ ಯಾವ ಕಾರ್ಡೂ ಭರಿಸುವುದಿಲ್ಲ. ದುಡಿಯುವ ಮನೆಯವರು ಈ ದುಡ್ಡನ್ನು ಬೇರೆಯಾಗಿಯೇ ಎತ್ತಿಡಬೇಕು.

ಇನ್ನೊಂದು ಖರ್ಚನ್ನು ಡಿಸ್ಚಾರ್ಜ್ ಸಂಭ್ರಮದಲ್ಲಿ ಯಾರೂ ಎತ್ತುವುದಿಲ್ಲ. ಬ್ಯಾಟರಿ ಸುಮಾರು ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಆಮೇಲೆ ಪೆಟ್ಟಿಗೆಯನ್ನೇ ಬದಲಿಸಬೇಕು. ತಂತಿ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುತ್ತಾರೆ. 1958ರಲ್ಲಿ ಸ್ವೀಡನ್ನಿನಲ್ಲಿ ದೇಹದೊಳಗೆ ಕೂರಿಸುವ ಜಗತ್ತಿನ ಮೊದಲ ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್ ಹೀಗೆ ಬದಲಿಸಿಕೊಳ್ಳುತ್ತಲೇ 2001ರವರೆಗೆ ಬದುಕಿದರು.

ಅಪ್ಪನ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಆರ್‌ಡಿ ತೆರೆದಿದ್ದೇನೆ. ತಿಂಗಳಿಗೆ 1,000 ರೂಪಾಯಿ ಕಟ್ಟಿದರೂ ಹತ್ತು ವರ್ಷಕ್ಕೆ ಅಸಲೇ 1.2 ಲಕ್ಷ. ಆ ಹೊತ್ತಿಗೆ ಸರ್ಕಾರದ ಯೋಜನೆ ಹೀಗೆಯೇ ಇದ್ದರೆ ಆ ಹಣ ಕೂಲಿಗೂ ಓಡಾಟಕ್ಕೂ ಆಯಿತು. ಚೆಕಪ್ ಮಾತ್ರ ತಪ್ಪಿಸಬಾರದು. ಬ್ಯಾಟರಿ ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುವುದಿಲ್ಲ, ತಿಂಗಳುಗಳ ಮುಂಚೆಯೇ ಚೆಕಪ್ಪಿನಲ್ಲಿ ಸೂಚನೆ ಕೊಡುತ್ತದೆ. ಹೊಗೆಸೊಪ್ಪು ಹರಾಜಿನ ಹಣ ಖಾತೆಗೆ ಬಿದ್ದ ಮೇಲೆ ಪೆಟ್ಟಿಗೆ ಬದಲಿಸುವ ದಿನ ಗೊತ್ತುಮಾಡಬಹುದೇ ಎಂದು ಡಾಕ್ಟರನ್ನು ಕೇಳಲು ಅಷ್ಟು ಕಾಲಾವಕಾಶ ಸಾಕು.